ಮೂರು ವಿಮಾನದ ದೂರ

ಟೇಪಕ್ಕನಿಗೆ ಆ ಹೆಸರಿಟ್ಟವರು ಯಾರೋ, ಇಟ್ಟದ್ದು ಮಾತ್ರ ಸರಿಯಾಗಿಯೇ ಇತ್ತು. ಬೆಳಿಗ್ಗೆ ಹಲ್ಲುಜ್ಜುವ ಹೊತ್ತಿಗೆ ಕೊರಳಿಗೆ ಬಿದ್ದ ಅಳತೆ ಟೇಪು ಮಲಗುವಾಗಲೇ ಕೆಳಗಿಳಿಯಬೇಕು. ತರಕಾರಿ ತರಲು ಹೋದರೂ ಅದು ಕೊರಳಲ್ಲೇ, ಸಾವಿನ ಮನೆಗೆ ಹೋದರೂ ಕೊರಳಲ್ಲೇ. ಒಮ್ಮೆ ಆಸ್ಪತ್ರೆಯಲ್ಲಿ ಎದೆ ಪರೀಕ್ಷೆ ಮಾಡಲು ಬಂದ ಡಾಕ್ಟರು ತಮ್ಮ ಕೊಳವೆ ಯಾವುದು, ಅವಳ ಟೇಪು ಯಾವುದು ಎಂದು ಬಿಡಿಸಿಕೊಳ್ಳಲಾರದೆ ಎರಡೂ ಕೈ ಮೇಲೆತ್ತಿ ನಿಂತುಬಿಟ್ಟಿದ್ದರಂತೆ.

ಅವಳ ಅಂಗಡಿ ಅಂದರೆ ಮೂರಂತಸ್ತಿನ ಕಟ್ಟಡದ ಕೆಳಗೆ, ಮೆಟ್ಟಿಲಿಗೂ ಕೀಲಿ ಮಾಡುವವನ ಗೂಡಿಗೂ ನಡುವೆ ಸಿಕ್ಕಿಕೊಂಡ ಒಂದು ಕೋಣೆ. ಎರಡು ಹೊಲಿಗೆ ಯಂತ್ರ, ಬಟ್ಟೆ ಕತ್ತರಿಸುವ ಉದ್ದನೆಯ ಮೇಜು, ಮೂಲೆ ಒಡೆದ ಕನ್ನಡಿ, ಅದರ ಮುಂದೊಂದು ಪರದೆ. ಹಿಂದುಗಡೆ ಒಂದು ರೂಮು, ಒಂದು ಅಡುಗೆ ಮನೆ. ಹೊಸ ಬಟ್ಟೆ ಹೊಲಿಸುವವರು ಅಲ್ಲಿಗೆ ಬರುತ್ತಿದ್ದದ್ದು ಅಷ್ಟಕ್ಕಷ್ಟೆ. ದಪ್ಪಗಾಗಿ ಬಿಡಿಸಿಕೊಳ್ಳುವವರು, ಸಣ್ಣಗಾಗಿ ಹಿಡಿಸಿಕೊಳ್ಳುವವರು, ಜಿಪ್ಪು ಕಿತ್ತುಕೊಂಡು ಓಡಿ ಬರುವವರು, ಇಂಥವರದೇ ದಂಡು. "ಬಟ್ಟೆ ಸಣ್ಣದಾಗಿಬಿಟ್ಟಿದೆ" ಎಂದು ಯಾರಾದರೂ ಅಂದರೆ ಟೇಪಕ್ಕ, "ಹೌದು ಪಾಪ, ಬೀರುವಿನಲ್ಲಿ ಸರಿಯಾಗಿ ಊಟ ಸಿಕ್ಕಿರಲ್ಲ" ಅನ್ನುತ್ತಿದ್ದಳು.

ಅಂಗಡಿಯ ಗೋಡೆಯ ಮೇಲೆ ಒಂದು ದೊಡ್ಡ ಭೂಪಟವಿತ್ತು. ತಂಗಿ ಮದುವೆಯಾಗಿ ಗಂಡನ ಜೊತೆ ದೂರದೇಶಕ್ಕೆ ಹೋದ ವರ್ಷ ತಂದು ಅಂಟಿಸಿದ್ದು. ತಮ್ಮ ಊರು ಅದರ ಎಡದ ಅಂಚಿಗೆ ಅಂಟಿಕೊಂಡಿತ್ತು. ತಂಗಿಯ ಊರು ಬಲದ ಅಂಚಿನಲ್ಲಿ, ಇನ್ನು ಒಂದು ಬೆರಳು ಆಚೆಗಿದ್ದರೆ ಗೋಡೆಗೆ ಬೀಳುತ್ತಿತ್ತು. ಟೇಪಕ್ಕ ಎರಡೂ ಕಡೆ ಒಂದೊಂದು ಗುಂಡುಸೂಜಿ ಚುಚ್ಚಿ, ಮಧ್ಯೆ ಕೆಂಪು ದಾರ ಎಳೆದು ಕಟ್ಟಿದ್ದಳು. ಆ ದಾರ ಎಷ್ಟೋ ದೇಶ, ಬೆಟ್ಟ, ಮರುಭೂಮಿ, ಸಮುದ್ರ ಎಲ್ಲ ದಾಟಿಕೊಂಡು ಹೋಗುತ್ತಿತ್ತು.

"ನಿಮ್ಮ ತಂಗಿ ಇರೋದು ಎಷ್ಟು ದೂರ?" ಅಂತ ಯಾರಾದರೂ ಕೇಳಿದರೆ ಸಾಕು, ಕಾಲು ಪೆಡಲಿನ ಮೇಲೆ ನಿಂತುಬಿಡುತ್ತಿತ್ತು. "ಮೂರು ವಿಮಾನ ಹತ್ತಿ ಇಳೀಬೇಕು. ಎರಡು ದಿನ." ಅಷ್ಟು ದೂರ ಇರುವುದೇ ತಂಗಿ ಪಡೆದ ಒಂದು ಪದವಿ ಎಂಬಂತೆ ಹೇಳುತ್ತಿದ್ದಳು. ಪದವಿ ಕೊಡಿಸಿದವಳು ತಾನೇ ಅಲ್ಲವೆ? ಅಪ್ಪ ಹೋದ ಮೇಲೆ ಯಂತ್ರದ ಮುಂದೆ ಕೂತವಳು ಅವಳು. ಪುಟ್ಟಿ (ಮನೆಯಲ್ಲಿ ತಂಗಿಯನ್ನು ಕರೆಯುತ್ತಿದ್ದದ್ದು ಹಾಗೆ) ಶಾಲೆಗೆ ಹೋಗುವಾಗ ಹಾಕಿದ ಲಂಗ, ಕಾಲೇಜಿಗೆ ಹಾಕಿದ ಕೋಟು, ಮದುವೆಯ ದಿನ ಉಟ್ಟದ್ದು, ಎಲ್ಲ ಅಕ್ಕನ ಕೈಯದೇ. ತನಗೆ ಅಂತ ಒಂದು ಮದುವೆಯ ಬಟ್ಟೆ ಹೊಲಿದುಕೊಳ್ಳಲು ಪುರುಸೊತ್ತಾಗಲಿಲ್ಲ. ಆಮೇಲೆ ಆಸೆಯೂ ಆಗಲಿಲ್ಲ. ಅದರ ಬಗ್ಗೆ ಅವಳು ಒಂದು ದಿನವೂ ಕೊರಗಿದವಳಲ್ಲ, ಅದು ಬೇರೆ ಮಾತು.

ಪುಟ್ಟಿ ಊರಿಗೆ ಬಂದದ್ದೇ ಬೆರಳೆಣಿಕೆಯಷ್ಟು ಸಲ. ಬಂದಾಗಲೆಲ್ಲ ಹಿಂಡಿದ ಬಟ್ಟೆಯ ಹಾಗೆ ಮುದುಡಿ ಬರುತ್ತಿದ್ದಳು. "ಅಯ್ಯೋ ಅಕ್ಕ, ಸಾಕಾಗೋಯ್ತು, ಮೂರು ವಿಮಾನ!" ಎಂದು ಚಾಪೆಯ ಮೇಲೆ ಬಿದ್ದರೆ ಮರುದಿನ ಮಧ್ಯಾಹ್ನಕ್ಕೇ ಏಳುತ್ತಿದ್ದದ್ದು. ಅಮ್ಮ ಬಾಗಿಲ ಸಂದಿಯಿಂದ ಇಣುಕಿ ನೋಡಿ, "ಪಾಪ, ಎಬ್ಬಿಸಬೇಡ" ಅನ್ನುತ್ತಿದ್ದಳು. ಟೇಪಕ್ಕ ಯಂತ್ರ ತುಳಿದರೆ ಸದ್ದಾಗುತ್ತದೆ ಅಂತ ಆ ಹೊತ್ತಿನಲ್ಲಿ ಕೈಹೊಲಿಗೆ ಕೆಲಸವನ್ನೇ ತೆಗೆದುಕೊಳ್ಳುತ್ತಿದ್ದಳು.

ಈಗ ಅಮ್ಮನ ಕೊನೆಯ ದಿನಗಳ ವಿಷಯ ಹೇಳಬೇಕು. ಹೇಳದೆ ಮುಂದಕ್ಕೆ ಹೋಗುವ ಹಾಗಿಲ್ಲ.

ಅಮ್ಮನ ಉಸಿರು ಮೊದಲೇ ಕೆಟ್ಟಿತ್ತು. ಒಂದು ಬೆಳಿಗ್ಗೆ ಡಾಕ್ಟರು ಬಂದು ನೋಡಿ, ಹೊರಗೆ ಕರೆದು, "ಕರೆಸೋರು ಇದ್ರೆ ಕರೆಸಿಬಿಡಿ" ಅಂದರು. ಟೇಪಕ್ಕ ನಿಂತ ಕಾಲಲ್ಲೇ ಪುಟ್ಟಿಗೆ ಫೋನು ಮಾಡಿದಳು. ಆ ಕಡೆಯಿಂದ ಪುಟ್ಟಿ ಬಿಕ್ಕಿ ಬಿಕ್ಕಿ ಅತ್ತಳು. "ಈಗಲೇ ಹೊರಟೆ ಅಕ್ಕ. ಮೂರು ವಿಮಾನ ಅಲ್ವಾ, ಎರಡು ದಿನ ಆಗುತ್ತೆ. ನಾನು ಬರ್ತಿದ್ದೀನಿ ಅಂತ ಅಮ್ಮನಿಗೆ ಹೇಳು. ಕಾಯೋಕೆ ಹೇಳು."

ಹೇಳಿದಳು. ಅಮ್ಮ ಕಾದಳು.

ಹಿಂದಿನ ರೂಮಿನಲ್ಲಿ ಗಾಳಿ ಸಾಲದು ಅಂತ ಯಂತ್ರ ಪಕ್ಕಕ್ಕೆ ತಳ್ಳಿ, ಮಂಚವನ್ನು ಅಂಗಡಿಗೇ ತಂದು ಹಾಕಿದ್ದರು. ಮಲಗಿದಲ್ಲಿಂದ ಅಮ್ಮನಿಗೆ ಕಾಣುತ್ತಿದ್ದದ್ದು ಎದುರಿಗಿದ್ದ ಭೂಪಟ ಒಂದೇ. ಟೇಪಕ್ಕ ಯಾರದೋ ಹಳೆಯ ಕೋಟಿನಿಂದ ಬಿಚ್ಚಿಟ್ಟಿದ್ದ ಒಂದು ದೊಡ್ಡ ಕಪ್ಪು ಗುಂಡಿಯನ್ನು ತೆಗೆದು, ಆ ಕೆಂಪು ದಾರದ ಬಲಗಡೆಯ ತುದಿ ಬಿಚ್ಚಿ, ಗುಂಡಿಯ ತೂತಿನಲ್ಲಿ ಪೋಣಿಸಿ ಮತ್ತೆ ಕಟ್ಟಿದಳು. "ಅಮ್ಮ, ಇಲ್ಲಿ ನೋಡು. ಇದೇ ನಿನ್ನ ಪುಟ್ಟಿ. ಹೊರಟಿದ್ದಾಳೆ."

ಅಮ್ಮನ ಕಣ್ಣು ಆ ಗುಂಡಿಗೆ ಅಂಟಿಕೊಂಡವು. ಟೇಪಕ್ಕ ಗಂಜಿ ಕುಡಿಸಿದ ಮೇಲೊಮ್ಮೆ, ಹೊದಿಕೆ ಬದಲಿಸಿದ ಮೇಲೊಮ್ಮೆ ಎದ್ದು ಹೋಗಿ ಗುಂಡಿಯನ್ನು ಒಂದು ಬೆರಳಿನಷ್ಟು ಎಡಕ್ಕೆ ಸರಿಸುತ್ತಿದ್ದಳು. "ಈಗ ಮೊದಲನೇ ವಿಮಾನ ಇಳಿದಳು." "ಈಗ ಎರಡನೆಯದು ಹತ್ತಿದಳು."

"ಊಟ ಮಾಡಿದ್ಲಾ?" ಅಂತ ಅಮ್ಮ ಕೇಳಿದಳು.

"ವಿಮಾನದಲ್ಲೇ ಕೊಡ್ತಾರಮ್ಮ."

ಸ್ವಲ್ಪ ಹೊತ್ತು ಬಿಟ್ಟು ಅಮ್ಮ, "ಇನ್ನೊಂಚೂರು ಬೇಗ ತಳ್ಳೇ" ಅಂದಳು.

ಟೇಪಕ್ಕ ತಳ್ಳಲಿಲ್ಲ. ಸುಳ್ಳು ಹೇಳಬಾರದಲ್ಲ! ವಿಮಾನ ಎಲ್ಲಿದೆಯೋ ಗುಂಡಿಯೂ ಅಲ್ಲೇ ಇರಬೇಕು ಅಂತ ಅವಳ ಲೆಕ್ಕ. ಬಟ್ಟೆಯ ಅಳತೆಯಲ್ಲಿ ಎಷ್ಟು ಕಟ್ಟುನಿಟ್ಟೋ ಇದರಲ್ಲೂ ಅಷ್ಟೇ. ಒಂದೂವರೆ ದಿನ ಹಾಗೇ ಕಳೆಯಿತು. ಎರಡನೇ ದಿನದ ಮಧ್ಯಾಹ್ನ ಅಮ್ಮ ಹೋದಾಗ ಗುಂಡಿ ಭೂಪಟದ ನಡು ದಾಟಿ, ಯಾವುದೋ ಸಮುದ್ರದ ಮೇಲೆ ನಿಂತಿತ್ತು.

ಆ ಸಂಜೆ ಪುಟ್ಟಿ ಫೋನು ಮಾಡಿದಳು. "ಮಧ್ಯದ ನಿಲ್ದಾಣದಲ್ಲಿದ್ದೀನಿ ಅಕ್ಕ, ಮೂರನೆಯದು ಹತ್ತಬೇಕು. ಅಮ್ಮ ಹೇಗಿದ್ದಾಳೆ?" ಟೇಪಕ್ಕ ಹೇಳಿದಳು. ಇಬ್ಬರೂ ಅತ್ತರು. ಪುಟ್ಟಿ ಬಂದು ಸೇರಿದ್ದು ಎಲ್ಲ ಮುಗಿದ ಮರುದಿನ. ಬಂದವಳೇ ಚಾಪೆಯ ಮೇಲೆ ಕುಸಿದಳು. ಅಮ್ಮನನ್ನು ಕಳಿಸಿಕೊಟ್ಟು ಬಂದ ಕೈಯಲ್ಲೇ ಟೇಪಕ್ಕ ತಂಗಿಯ ಪಾದಗಳಿಗೆ ಎಣ್ಣೆ ಹಚ್ಚಿ ಒತ್ತಿದಳು. ಎರಡು ದಿನ ಕೂತು ಬಂದ ಕಾಲಲ್ಲವೆ?

ಪಕ್ಕದ ಕೀಲಿಯವನು ಅವತ್ತು ಸುಮ್ಮನಿರಲಾರದೆ ಒಂದು ಮಾತಾಡಿದ. ಮನುಷ್ಯ ಕೆಟ್ಟವನಲ್ಲ, ನಾಲಿಗೆ ಮಾತ್ರ ಒಂದು ಹಿಡಿ ಉದ್ದ. "ಅಷ್ಟು ದೂರ ಏನಿಲ್ಲವಂತೆ ಕಣಕ್ಕ, ಮನಸ್ಸು ಮಾಡಿದ್ರೆ ನಿನ್ನ ತಂಗಿ ಮುಖ ನೋಡೋ ಹೊತ್ತಿಗೆ ಬರಬಹುದಿತ್ತು" ಅಂದ. ಟೇಪಕ್ಕ ಕೆಂಡವಾದಳು. "ಕಂಡವರ ಬೀಗದ ತೂತಲ್ಲಿ ಇಣುಕಿ ಇಣುಕಿ ನಿನಗೆ ಬುದ್ಧಿಯೂ ಹಾಗೇ ಆಗಿದೆ. ಎರಡು ದಿನ ನಿದ್ದೆಗೆಟ್ಟು ಬಂದ ಹುಡುಗಿ ಮೇಲೆ ಮಾತಾಡ್ತೀಯಲ್ಲ!" ಅಂದವಳು ಅವತ್ತಿನಿಂದ ಅವನ ಜೊತೆ ಮಾತು ಬಿಟ್ಟಳು. ಹತ್ತು ವರ್ಷ ಒಂದೇ ಗೋಡೆಯ ಆಚೆ ಈಚೆ ಕೂತು, ಅವನು ಕೀಲಿ ಉಜ್ಜುವ ಕರಕರ ಶಬ್ದ ಕೇಳುತ್ತಾ, ಒಂದು ಮಾತಿಲ್ಲ. ಅವನು ಒಂದೆರಡು ಸಲ ರಾಜಿಗೆ ಅಂತ ಕತ್ತರಿ ಮಸೆದುಕೊಡಲು ಬಂದರೂ ಇವಳು ತಲೆ ಎತ್ತಲಿಲ್ಲ.

ಗುಂಡಿಯನ್ನು ಅವಳು ಆಮೇಲೆ ಸರಿಸಲೇ ಇಲ್ಲ. ಭೂಪಟದ ಧೂಳು ಒರೆಸುವಾಗಲೂ ಅದನ್ನು ಬಿಟ್ಟು ಸುತ್ತ ಒರೆಸುತ್ತಿದ್ದಳು.

ಹತ್ತು ವರ್ಷದ ಮೇಲೆ ಪುಟ್ಟಿಯ ಮಗಳಿಗೆ ಮದುವೆ ಗೊತ್ತಾಯಿತು. ಒಬ್ಬಳೇ ಮಗಳು. ಟೇಪಕ್ಕ ಅವಳನ್ನು ಕಂಡದ್ದು ಕೈಗೂಸಾಗಿದ್ದಾಗ ಒಂದೇ ಒಂದು ಸಲ, ಆದರೆ ಅವಳ ಮೈಯಳತೆ ಮಾತ್ರ ವರ್ಷ ವರ್ಷವೂ ಫೋನಿನಲ್ಲಿ ಕೇಳಿ ಬಾಯಿಪಾಠ ಮಾಡಿಕೊಂಡಿದ್ದಳು. ಎಷ್ಟು ಉದ್ದ ಆದಳು, ಯಾವ ವರ್ಷ ಭುಜ ಅಗಲವಾಯಿತು, ಎಲ್ಲ ಗೊತ್ತು. ಮದುವೆಯ ದಿನದ ಬಿಳಿ ಗೌನು ತಾನೇ ಹೊಲಿಯುವುದು ಅಂತ ಹಟ ಹಿಡಿದಳು. ಪುಟ್ಟಿ ಒಪ್ಪಿದಳು. "ಆದ್ರೆ ಪಾರ್ಸೆಲ್‌ನಲ್ಲಿ ಕಳಿಸು ಅಕ್ಕ. ನೀನು ಬರೋ ಯೋಚನೆ ಮಾಡಬೇಡ. ನಿನ್ನ ಮಂಡಿಗೆ ಎರಡು ದಿನದ ಪ್ರಯಾಣ ಆಗುತ್ತಾ?" ಅಂದಳು. ಎಷ್ಟು ಕಾಳಜಿ ನೋಡಿ ಅಂತ ಟೇಪಕ್ಕನ ಕಣ್ಣು ತುಂಬಿಬಂದವು.

ಗೌನಿನ ತೋಳು ಕತ್ತರಿಸಿ ಮೇಜಿನ ಮೇಲೆ ಹಾಸಿಕೊಂಡಿದ್ದ ದಿನ, ಮೇಲಿನ ಮಹಡಿಗೆ ಹೊಸದಾಗಿ ಬಾಡಿಗೆಗೆ ಬಂದಿದ್ದ ಗಗನಸಖಿ ಅಂಗಡಿಗೆ ಬಂದಳು. ಸಮವಸ್ತ್ರದ ಕೋಟಿನ ಕಂಕುಳ ಹೊಲಿಗೆ ಬಿಟ್ಟಿತ್ತು. "ಮೇಲಿನ ಡಬ್ಬಿಯಿಂದ ಜನರ ಪೆಟ್ಟಿಗೆ ಇಳಿಸಿ ಇಳಿಸಿ ಹೀಗಾಗುತ್ತೆ. ಒಂದೊಂದು ಪೆಟ್ಟಿಗೇಲಿ ಕಲ್ಲು ತುಂಬ್ಕೊಂಡು ಬರ್ತಾರೋ ಏನೋ" ಅಂತ ಗೊಣಗಿಕೊಂಡು, ಕಾಯುತ್ತಾ ಭೂಪಟದ ಮುಂದೆ ನಿಂತಳು.

"ಈ ಗುಂಡಿ ಏನಿದು?"

"ನಮ್ಮಮ್ಮ ಹೋದಾಗ ನನ್ನ ತಂಗಿ ಅಲ್ಲಿದ್ದಳು" ಅಂದಳು ಟೇಪಕ್ಕ, ಸೂಜಿಗೆ ದಾರ ಪೋಣಿಸುತ್ತಾ. "ಆ ತುದಿ ಊರಿಂದ ಬರ್ತಿದ್ದಳು. ಮೂರು ವಿಮಾನ, ಎರಡು ದಿನ."

ಹುಡುಗಿ ಹತ್ತಿರ ಹೋಗಿ ಬಲದ ಅಂಚಿನ ಊರಿನ ಹೆಸರು ಓದಿದಳು. "ಈ ಊರಿಗಾ? ಮೊನ್ನೆ ತಾನೆ ಹೋಗಿ ಬಂದೆ. ಇಲ್ಲಿಂದ ಒಂದೇ ವಿಮಾನ ಟೇಪಕ್ಕ. ಎರಡು ಊಟ ಕೊಡ್ತೀವಿ, ಮಧ್ಯೆ ಒಂದು ನಿದ್ದೆ. ಒಂಬತ್ತು ಗಂಟೆ. ಗಾಳಿ ಎದುರಾದ್ರೆ ಹತ್ತು."

"ನೀನು ಬೇರೆ ಊರು ಅಂದ್ಕೊಂಡಿದ್ದೀಯ. ದಾರ ನೋಡು, ಎಷ್ಟುದ್ದ ಇದೆ."

"ದಾರ ಈ ಕಡೆಯಿಂದ ಎಳೆದ್ರೆ ಉದ್ದ ಇರದೆ ಇನ್ನೇನು? ನಾವು ಹೀಗೆ ಹೋಗಲ್ಲ. ಹೀಗೆ ಹೋಗ್ತೀವಿ." ಹುಡುಗಿಯ ಬೆರಳು ತಮ್ಮ ಊರಿನಿಂದ ಹೊರಟು ಎಡಕ್ಕೆ ಸರಿದು, ಭೂಪಟದ ಅಂಚು ದಾಟಿ, ಗೋಡೆಯ ಮೇಲೆ ಇಸ್ತ್ರಿಪೆಟ್ಟಿಗೆಯ ಸ್ವಿಚ್ಚಿನವರೆಗೂ ಹೋಯಿತು.

"ಅಲ್ಲಿ ಗೋಡೆ ಇದೆಯಲ್ಲೇ?"

"ಗೋಡೆ ಎಲ್ಲಿ ಟೇಪಕ್ಕ, ಸಮುದ್ರ. ಭೂಮಿ ದುಂಡಗಲ್ವಾ? ಈ ಅಂಚೂ ಆ ಅಂಚೂ ಹಿಂದುಗಡೆ ಸೇರುತ್ತೆ."

ಟೇಪಕ್ಕನ ಕಣ್ಣು ಮೇಜಿನ ಮೇಲಿದ್ದ ತೋಳಿನ ಬಟ್ಟೆಗೆ ಬಿತ್ತು. ಇನ್ನು ಯಾರೂ ಏನೂ ವಿವರಿಸಬೇಕಾಗಿರಲಿಲ್ಲ. ಹಾಸಿದ ತೋಳಿನಲ್ಲಿ ಒಂದಕ್ಕೊಂದು ಎಲ್ಲಕ್ಕಿಂತ ದೂರ ಇರುವುದು ಎರಡು ಅಂಚುಗಳು. ಹೊಲಿಗೆ ಬೀಳುವುದು ಆ ಎರಡರ ನಡುವೆಯೇ. ಕೈಗೆ ತೊಟ್ಟರೆ ಅವು ಮೈಗೆ ಮೈ ತಾಗಿಸಿಕೊಂಡು ಕಂಕುಳ ಕೆಳಗೆ ಕೂತಿರುತ್ತವೆ. ಜೀವಮಾನವೆಲ್ಲ ತೋಳು ಕೂಡಿಸಿದವಳು, ಈ ಕಾಗದವೂ ಬಿಚ್ಚಿ ಹಾಸಿದ ಒಂದು ತೋಳು ಅಂತ ಒಂದು ದಿನವಾದರೂ ಅಂದುಕೊಂಡಿರಲಿಲ್ಲ. ಟೇಪು ಹಿಡಿದು ಅಳೆದಿದ್ದಳು, ಅಷ್ಟೇ. ಹೊಲಿಗೆ ಬೀಳುವ ಕಡೆಯನ್ನು ಬಿಟ್ಟು ಉಳಿದ ಬಟ್ಟೆಯನ್ನೆಲ್ಲ ಅಳೆದಿದ್ದಳು.

"ಆ ವಿಮಾನ ಯಾವಾಗಿನಿಂದ ಇದೆ?"

"ಅಯ್ಯೋ, ನಾನು ಸ್ಕೂಲಲ್ಲಿದ್ದಾಗಿನಿಂದ. ನಮ್ಮ ಹಿರಿಯರು ಕೆಲವರು ಆ ಸಮುದ್ರದ ಮೇಲೇ ತಲೆ ನರೆಸಿಕೊಂಡಿದ್ದಾರೆ. ಯಾಕೆ ಟೇಪಕ್ಕ, ಏನಾಯ್ತು?"

ಟೇಪಕ್ಕ ಕೋಟಿನ ಹೊಲಿಗೆ ಮುಗಿಸಿಕೊಟ್ಟಳು. ಹುಡುಗಿ ಹೋದ ಮೇಲೆ ನೋಡಿಕೊಂಡರೆ ಸೂಜಿ ಹೆಬ್ಬೆರಳಿಗೆ ಚುಚ್ಚಿ ರಕ್ತ ಬಂದಿತ್ತು. ಗೌನಿನ ಬಟ್ಟೆಗೆ ತಾಗದ ಹಾಗೆ ಕೈ ದೂರ ಹಿಡಿದುಕೊಂಡು ಕೂತಳು.

ಆದರೂ ಅವಳೇನು ಸುಲಭಕ್ಕೆ ನಂಬುವ ಹೆಂಗಸೇ? ಮನಸ್ಸಿಗೆ ತೇಪೆ ಹಾಕತೊಡಗಿದಳು. ಅವತ್ತು ಆ ವಿಮಾನದಲ್ಲಿ ಜಾಗ ಸಿಕ್ಕಿರಲಿಕ್ಕಿಲ್ಲ. ಆ ದಿನ ಅದು ಹೊರಟೇ ಇರಲಿಕ್ಕಿಲ್ಲ. ಅವಸರದಲ್ಲಿ ಸಿಕ್ಕಿದ್ದು ಹತ್ತಿ ಬಂದಿರಬೇಕು ಪಾಪ. ಒಂದು ಕಡೆ ತೇಪೆ ಹಾಕಿದರೆ ಇನ್ನೊಂದು ಕಡೆ ಪಿಸಿಯುತ್ತಿತ್ತು. ಕೊನೆಗೆ ತಡೆಯಲಾರದೆ ಫೋನು ಮಾಡಿದಳು.

"ತೋಳಿನ ಉದ್ದ ಇನ್ನೊಮ್ಮೆ ಹೇಳೇ ಪುಟ್ಟಿ." ಪುಟ್ಟಿ ಹೇಳಿದಳು. "ಅಲ್ಲ ಕಣೆ, ಈಗೇನಾದ್ರೂ ನೇರ ವಿಮಾನ ಬಂದಿದ್ಯಾ ಅಂತ? ಬಂದಿದ್ರೆ ನಾನೇ ಗೌನು ತರಬಹುದಿತ್ತು."

ಆ ಕಡೆ ಪುಟ್ಟಿ ನಕ್ಕಳು. "ಎಲ್ಲಿ ಬಂತು ಅಕ್ಕ! ಬಂದಿದ್ರೆ ನಾನು ತಿಂಗಳಿಗೊಂದ್ಸಲ ನಿನ್ನ ಕೈ ಊಟಕ್ಕೆ ಬರ್ತಿರ್ಲಿಲ್ವಾ? ಅದೇ ಮೂರು ವಿಮಾನ. ಆ ಎರಡನೇ ನಿಲ್ದಾಣದಲ್ಲಂತೂ ಕಬ್ಬಿಣದ ಕುರ್ಚಿ, ಬೆನ್ನು ಮುರಿದು ಹೋಗುತ್ತೆ. ಶೌಚಾಲಯಕ್ಕೂ ಸಾಲು. ನಿನಗೆ ಬೇಡವೇ ಬೇಡ ಆ ಕಷ್ಟ."

ಎಷ್ಟು ಚೆನ್ನಾಗಿ ಹೇಳಿದಳು! ಕುರ್ಚಿಯ ಕಬ್ಬಿಣ ಸಮೇತ. ಟೇಪಕ್ಕ ಫೋನಿಟ್ಟು ಬಹಳ ಹೊತ್ತು ಆ ಕುರ್ಚಿಯನ್ನೇ ನೆನೆದಳು. ಇಲ್ಲದ ಕುರ್ಚಿ. ತನಗಾಗಿ ಕೂತು ಮಾಡಿದ್ದು.

ಈಗಿನ ಸುಳ್ಳು ಇರಲಿ, ಮದುವೆಗೆ ಬರುವುದು ಬೇಡ ಅಂತ ಅವಳಿಗೆ ಅನ್ನಿಸಿದ್ದರೆ ಅನ್ನಿಸಲಿ, ಅದನ್ನು ಹೊಟ್ಟೆಗೆ ಹಾಕಿಕೊಳ್ಳಬಹುದು. ಆದರೆ ಅವತ್ತು? ಅಮ್ಮ ಕಣ್ಣು ಮಿಟುಕಿಸದೆ ಆ ಗುಂಡಿಯನ್ನು ನೋಡುತ್ತಿದ್ದ ಹೊತ್ತಿನಲ್ಲಿ ಪುಟ್ಟಿ ನಿಜವಾಗಿ ದಾರಿಯಲ್ಲಿ ಇದ್ದಳೋ ಇಲ್ಲವೋ? ಅದೊಂದು ಗೊತ್ತಾಗಬೇಕು. ಅದು ಗೊತ್ತಾಗದೆ ಅವಳು ಇನ್ನೊಂದು ಗುಂಡಿ ಹೊಲಿಯಲಾರಳು.

ಗಗನಸಖಿಯೇ ಟಿಕೇಟಿನ ವ್ಯವಸ್ಥೆ ಮಾಡಿದಳು. ಹೊರಡುವ ಬೆಳಿಗ್ಗೆ ಟೇಪಕ್ಕ ಅಂಗಡಿಯ ಬಾಗಿಲೆಳೆದು, ಹತ್ತು ವರ್ಷದ ಮೇಲೆ ಮೊದಲ ಸಲ ಕೀಲಿಯವನ ಗೂಡಿನ ಮುಂದೆ ನಿಂತಳು. ಅವನ ಕೈಯಲ್ಲಿದ್ದ ಕೀಲಿ ಉಜ್ಜುವ ಅರ ಹಾಗೇ ನಿಂತಿತು.

"ಏನಕ್ಕ, ಮಾತಾಡ್ತಿದ್ದೀಯ?"

"ಮಾತಾಡ್ತಿಲ್ಲ. ಬೀಗದ ಕೈ ಕೊಡ್ತಿದ್ದೀನಿ." ಕೊಟ್ಟು ಎರಡು ಹೆಜ್ಜೆ ಹೋದವಳು ತಿರುಗಿದಳು. "ಅವತ್ತು ನೀನು ಹೇಳಿದ್ದು ನಿಜವೋ ಸುಳ್ಳೋ ನೋಡ್ಕೊಂಡು ಬರ್ತೀನಿ. ಸುಳ್ಳಾದ್ರೆ ಇನ್ನೂ ಹತ್ತು ವರ್ಷ ಮಾತಿಲ್ಲ."

"ಸುಳ್ಳೇ ಆಗ್ಲಿ ಕಣಕ್ಕ" ಅಂದ ಕೀಲಿಯವನು. ಅವನ ದನಿಯಲ್ಲಿ ತಮಾಷೆ ಇರಲಿಲ್ಲ.

ವಿಮಾನದಲ್ಲಿ ಗೌನನ್ನು ಮೇಲಿನ ಡಬ್ಬಿಯಲ್ಲಿಡಲು ಅವಳು ಒಪ್ಪಲಿಲ್ಲ. ಮಗುವಿನ ಹಾಗೆ ತೊಡೆಯ ಮೇಲೆ ಮಲಗಿಸಿಕೊಂಡಳು. ಕಿಟಕಿಯ ಹೊರಗೆ ನೀರೋ ನೀರು. ಭೂಪಟದಲ್ಲಿ ಇಲ್ಲದ ನೀರು, ಗೋಡೆಯ ಜಾಗದ ನೀರು. ಒಂದು ಊಟ ಬಂತು. ಸ್ವಲ್ಪ ಮಂಪರು ಹತ್ತಿತು. ಇನ್ನೊಂದು ಊಟ ಬಂತು. ಬೆಲ್ಟು ಹಾಕಿಕೊಳ್ಳಿ, ಇಳಿಯುತ್ತಿದ್ದೇವೆ ಅಂದರು. ಇಷ್ಟೇನಾ? ಅಮ್ಮ ಕಾದ ಹೊತ್ತಿನಲ್ಲಿ ಪುಟ್ಟಿ ಬಂದು, ಮುಖ ತೋರಿಸಿ, ಮನೆಗೆ ಹೋಗಿ, ಮರೆತದ್ದೇನಾದರೂ ಇದ್ದರೆ ತೆಗೆದುಕೊಂಡು ಇನ್ನೊಮ್ಮೆ ಬರಬಹುದಿತ್ತು. ಮಂಡಿ ಕೂಡ ನೋಯಲಿಲ್ಲ. ನೋಯಬಾರದೆ ಅಂತ ಅವಳೇ ಆಸೆಪಟ್ಟಳು, ಒಂದು ನೆಪಕ್ಕಾದರೂ.

ಪುಟ್ಟಿಯ ಮನೆ ನಾಲ್ಕನೇ ಮಹಡಿಯಲ್ಲಿತ್ತು. ಬಾಗಿಲು ತೆರೆದವಳು ಮಗಳು. ಒಂದು ಕ್ಷಣ ಮುಖ ನೋಡಿ, ಕೊರಳ ಟೇಪು ನೋಡಿ, "ದೊಡ್ಡಮ್ಮ!" ಎಂದು ಕಿರುಚಿ ತಬ್ಬಿಕೊಂಡಳು. "ನಿಜವಾಗ್ಲೂ ಬಂದ್ಬಿಟ್ರಾ? ವಿಮಾನ ಅಂದ್ರೆ ನಿಮಗೆ ಜೀವ ಹೋಗುವಷ್ಟು ಭಯ, ಎಷ್ಟು ಕರೆದ್ರೂ ಬರಲ್ಲ ಅಂತ ಅಮ್ಮ ಹೇಳ್ತಿದ್ಲು!"

ಓಹೋ. ಈ ಕಡೆಗೂ ಒಂದು ಹೊಲಿಗೆ ಹಾಕಿಟ್ಟಿದ್ದಾಳೆ. "ಭಯ ಹೋಯ್ತು ಕಣೆ" ಅಂದಳು ಟೇಪಕ್ಕ. "ಎಲ್ಲಿ ನಿಮ್ಮಮ್ಮ?"

"ಸಾಮಾನು ತರೋಕೆ ಹೋಗಿದ್ದಾಳೆ. ಇನ್ನೇನು ಬರ್ತಾಳೆ. ಗೌನು ತೋರಿಸಿ ದೊಡ್ಡಮ್ಮ!"

ಹುಡುಗಿ ಗೌನು ತೊಟ್ಟು ಸ್ಟೂಲಿನ ಮೇಲೆ ನಿಂತಳು. ಭುಜ ಕೂತಿತ್ತು, ಸೊಂಟ ಕೂತಿತ್ತು, ತೋಳು ಮಣಿಕಟ್ಟಿಗೆ ಸರಿಯಾಗಿ ಬಂದು ನಿಂತಿತ್ತು. ಅಳತೆ ಹೇಳುವಾಗ ಮಾತ್ರ ಪುಟ್ಟಿ ಸುಳ್ಳು ಹೇಳಿರಲಿಲ್ಲ. ಟೇಪಕ್ಕ ಬಾಯಿಯಲ್ಲಿ ಗುಂಡುಸೂಜಿಗಳನ್ನು ಕಚ್ಚಿಕೊಂಡು ನೆಲದ ಮೇಲೆ ಕೂತು ಅಂಚು ಹಿಡಿಯತೊಡಗಿದಳು. ಹುಡುಗಿಯ ಬಾಯಿ ಸುಮ್ಮನಿರುವ ಜಾತಿಯದಲ್ಲ.

"ಅಜ್ಜಿ ಇದ್ದಿದ್ರೆ ಎಷ್ಟು ಖುಷಿ ಪಡ್ತಿದ್ರು ಅಲ್ವಾ? ಅಜ್ಜಿ ಹೋದಾಗ ನಾನು ಸಣ್ಣವಳು, ಆದ್ರೂ ನೆನಪಿದೆ. ಅಮ್ಮನ ಪೆಟ್ಟಿಗೆ ಎರಡು ದಿನ ಬಾಗಿಲ ಹತ್ರಾನೇ ಇತ್ತು. ನಾನು ಶಾಲೆಗೆ ಹೋಗುವಾಗ ಅದನ್ನ ದಾಟ್ಕೊಂಡು ಹೋಗ್ತಿದ್ದೆ, ಬರುವಾಗ ದಾಟ್ಕೊಂಡು ಬರ್ತಿದ್ದೆ. ಅಮ್ಮ ಅಡುಗೆಮನೆ ಕಿಟಕಿ ಹತ್ರ ಕೂತೇ ಇದ್ಲು. ಮಾತಿಲ್ಲ, ಊಟ ಇಲ್ಲ. ಫೋನು ಆಫ್ ಮಾಡಿ ಡಬ್ಬಿ ಹಿಂದೆ ಇಟ್ಟಿದ್ಲು. ಆಮೇಲೆ ನಿಮಗೆ ಫೋನ್ ಮಾಡಿ ಅತ್ಲಲ್ಲ, ಅತ್ತು ಮುಗಿಸಿ ಪೆಟ್ಟಿಗೆ ಎತ್ಕೊಂಡು ಹೊರಟ್ಲು."

ಟೇಪಕ್ಕನ ಬಾಯಿ ತುಂಬ ಸೂಜಿ. ಏನೂ ಹೇಳುವ ಹಾಗಿರಲಿಲ್ಲ. ಒಂದೊಂದೇ ಸೂಜಿ ತೆಗೆದು ಅಂಚಿಗೆ ಚುಚ್ಚುತ್ತಾ ಇಡೀ ಸುತ್ತು ಮುಗಿಸಿದಳು. ಕಣ್ಣೀರು ಗಲ್ಲದ ಮೇಲೆ ಇಳಿದು ಟೇಪನ್ನು ಒದ್ದೆ ಮಾಡಿತು. "ಊಟ ಮಾಡಿದ್ಲಾ?" ಅಂತ ಅಮ್ಮ ಕೇಳಿದ್ದಳಲ್ಲ! ಇಲ್ಲಮ್ಮ, ಮಾಡಿರಲಿಲ್ಲ. ಕಿಟಕಿ ಹತ್ತಿರ ಕೂತು, ನೀನು ಹೋಗಿಬಿಡಲಿ ಅಂತ ಕಾಯುತ್ತಿದ್ದಳು.

ಬಾಗಿಲು ತೆರೆದ ಸದ್ದಾಯಿತು. ಪುಟ್ಟಿ ಎರಡೂ ಕೈಯಲ್ಲಿ ಚೀಲ ಹಿಡಿದು ಒಳಗೆ ಬಂದಳು. ಅಕ್ಕನನ್ನು ಕಂಡು ಮುಖ ಬಿಳುಚಿತು. ಆದರೂ ಅಭ್ಯಾಸ ಬಿಡುತ್ತದೆಯೇ? ಬಾಯಿಂದ ಬಂದದ್ದು, "ಅಕ್ಕ! ಯಾವಾಗ ಹೊರಟೆ? ಎಷ್ಟು ಸುಸ್ತಾಗಿದೆಯೋ ಏನೋ..."

"ಇವತ್ತು ತಿಂಡಿ ತಿಂದು ಹೊರಟೆ" ಅಂದಳು ಟೇಪಕ್ಕ. "ಕೂದಲು ಕೂಡ ಕೆದರಿಲ್ಲ, ನೋಡು."

ಮಗಳು ಇಬ್ಬರ ಮುಖವನ್ನೂ ನೋಡಿ, ಗೌನು ಎತ್ತಿ ಹಿಡಿದುಕೊಂಡು ಸದ್ದಿಲ್ಲದೆ ಒಳಕೋಣೆಗೆ ಹೋದಳು.

ಪುಟ್ಟಿ ಚೀಲ ಕೆಳಗಿಡುವುದನ್ನೂ ಮರೆತು ನಿಂತೇ ಮಾತಾಡಿದಳು. "ಮೊದಲ ಸಲ ನಿಜವಾಗ್ಲೂ ಮೂರು ವಿಮಾನ ಇತ್ತು ಅಕ್ಕ, ಆಣೆ ಮಾಡ್ತೀನಿ. ಆಮೇಲೆ ಈ ವಿಮಾನ ಬಂತು. ಹೇಳೋಣ ಅಂದ್ಕೊಂಡೆ. ಹೇಳಿದ್ರೆ ಪ್ರತಿ ಸಲಕ್ಕೂ ಕರೀತೀರ. ಅಮ್ಮನಿಗೆ ಜ್ವರ ಅಂದ್ರೆ ಬಾ, ನಿನಗೆ ಮಂಡಿ ನೋವು ಅಂದ್ರೆ ಬಾ. ದೂರ ಅಂದ್ರೆ ಯಾರೂ ಕರೆಯಲ್ಲ. ಬರ್ಲಿಲ್ಲ ಅಂತ ಬೈಯೋದೂ ಇಲ್ಲ."

"ಅವತ್ತು?"

"ಅವತ್ತು ಹೊರಟಿದ್ದೆ. ಬಾಗಿಲವರೆಗೂ ಹೋದೆ." ಪುಟ್ಟಿ ಬಾಗಿಲ ಕಡೆ ತಿರುಗಿ ನೋಡಿದಳು. "ಅಮ್ಮ ಉಸಿರಿಗೆ ಒದ್ದಾಡೋದನ್ನ ನೋಡೋ ಧೈರ್ಯ ನನಗಿರ್ಲಿಲ್ಲ ಅಕ್ಕ. ನೀನಿದ್ದೀಯಲ್ಲ ಅಂದ್ಕೊಂಡೆ. ಎಲ್ಲದಕ್ಕೂ ನೀನು ಇದ್ದೀಯಲ್ಲ. ಎರಡು ದಿನ ಅಂತ ಹೇಳಿದ್ದೆ, ಅಷ್ಟರಲ್ಲಿ..."

"ಅಷ್ಟರಲ್ಲಿ ಮುಗಿಯುತ್ತೆ ಅಂತ."

ಟೇಪಕ್ಕ ಕೈಚೀಲದಿಂದ ಆ ಕಪ್ಪು ಗುಂಡಿ ತೆಗೆದಳು. ಹೊರಡುವ ಮುಂಚೆ ದಾರ ಕತ್ತರಿಸಿ ತಂದಿದ್ದಳು. ಪುಟ್ಟಿಯ ಒಂದು ಕೈಯ ಚೀಲ ಬಿಡಿಸಿ, ಅಂಗೈಯಲ್ಲಿ ಅದನ್ನಿಟ್ಟು ಬೆರಳು ಮುಚ್ಚಿದಳು. "ಅಮ್ಮನಿಗೆ ಇದೇ ನೀನು ಅಂತ ಹೇಳಿದ್ದೆ. ಕೊನೇವರೆಗೂ ಇದನ್ನೇ ನೋಡ್ತಿದ್ಲು. ಇನ್ನೊಂಚೂರು ಬೇಗ ತಳ್ಳೇ ಅಂದ್ಲು. ಸುಳ್ಳಾಗುತ್ತೆ ಅಂತ ನಾನು ತಳ್ಳಲಿಲ್ಲ ಪುಟ್ಟಿ. ಕೇಳಿಸ್ತಾ? ಸುಳ್ಳಾಗುತ್ತೆ ಅಂತ ತಳ್ಳಲಿಲ್ಲ. ತಳ್ಳಿದ್ರೆ ಅವಳ ಪಾಲಿಗಾದ್ರೂ ನೀನು ಬಂದುಬಿಡ್ತಿದ್ದೆ."

ಪುಟ್ಟಿ ಅಲ್ಲೇ ನೆಲಕ್ಕೆ ಕುಸಿದು ಅಕ್ಕನ ಕಾಲು ಹಿಡಿದುಕೊಂಡಳು. ಟೇಪಕ್ಕ ಬಗ್ಗಿ ಅವಳನ್ನು ಎತ್ತಲಿಲ್ಲ, ಬೈಯಲೂ ಇಲ್ಲ. ಕಾಲು ಬಿಡಿಸಿಕೊಂಡು, ಚೀಲದಿಂದ ಉರುಳಿದ ಈರುಳ್ಳಿಗಳನ್ನು ಹೆಕ್ಕಿ ಮೇಜಿನ ಮೇಲಿಟ್ಟಳು. ಆಮೇಲೆ ಒಳಕೋಣೆಗೆ ಹೋಗಿ ಗೌನಿನ ಅಂಚು ಹೊಲಿಯಲು ಕೂತಳು. ಮದುವೆಯ ಕೆಲಸ ಅರ್ಧಕ್ಕೆ ಬಿಡುವುದು ಅವಳಿಂದ ಆಗುವ ಮಾತಲ್ಲ.

ಮದುವೆ ಚೆನ್ನಾಗಿ ಆಯಿತು. ಗೌನನ್ನು ನೋಡಿದವರೆಲ್ಲ ಹೊಗಳಿದರು. ಟೇಪಕ್ಕ ಎಲ್ಲರ ಜೊತೆ ನಕ್ಕಳು, ಹುಡುಗಿಯ ಹಣೆಗೆ ಮುತ್ತಿಟ್ಟಳು, ಯಾರದೋ ಕೋಟಿನಿಂದ ಜೋತುಬಿದ್ದ ದಾರವನ್ನು ಹಲ್ಲಿನಿಂದ ಕಡಿದು ಸರಿ ಮಾಡಿದಳು. ಪುಟ್ಟಿಯ ಜೊತೆ ಮಾತ್ರ ಬೇಕಾದಷ್ಟೇ ಮಾತು: ಉಪ್ಪೆಲ್ಲಿದೆ, ಟವೆಲ್ ಎಲ್ಲಿದೆ.

ಹೊರಡುವ ದಿನ ಪುಟ್ಟಿ ನಿಲ್ದಾಣದವರೆಗೂ ಬಂದಳು. ಹೊರಡುವ ವಿಮಾನಗಳ ಹಲಗೆಯ ಮೇಲೆ ತಮ್ಮ ಊರಿನ ಹೆಸರು ದೊಡ್ಡದಾಗಿ ಹೊಳೆಯುತ್ತಿತ್ತು, ಎಲ್ಲರಿಗೂ ಕಾಣುವ ಹಾಗೆ. ಇಬ್ಬರೂ ಅದನ್ನು ನೋಡಿದರು. ಒಳಗೆ ಹೋಗುವ ಬಾಗಿಲಿನಲ್ಲಿ ಕಾವಲಿನವನು, "ಟೇಪು ತೆಗೆದು ತಟ್ಟೆಗೆ ಹಾಕಿ" ಅಂದ. ಟೇಪಕ್ಕ ಕೊರಳಿನಿಂದ ಅದನ್ನು ತೆಗೆದು ಸುತ್ತಿಕೊಳ್ಳುತ್ತಿದ್ದಾಗ ಪುಟ್ಟಿ ಅವಳ ಸೆರಗಿನ ತುದಿ ಹಿಡಿದಳು. ಚಿಕ್ಕಂದಿನಲ್ಲಿ ಶಾಲೆಗೆ ಬಿಡಲು ಹೋದಾಗ ಹಿಡಿಯುತ್ತಿದ್ದ ಹಾಗೆ.

"ಅಕ್ಕ, ಇನ್ನು ನಾನು ಬರ್ತಾ ಇರ್ತೀನಿ. ಮುಂದಿನ ತಿಂಗಳೇ ಬರ್ತೀನಿ. ಬರ್ಲಾ?"

ಟೇಪಕ್ಕ ತಂಗಿಯ ಕೋಟಿನ ಕಾಲರು ಮಡಚಿಕೊಂಡಿದ್ದನ್ನು ಸರಿ ಮಾಡಿದಳು. ಭುಜದ ಮೇಲಿನ ಧೂಳು ಕೊಡವಿದಳು. ಆಮೇಲೆ ಸೆರಗು ಬಿಡಿಸಿಕೊಂಡಳು.

"ಬೇಡ ಕಣೆ ಪುಟ್ಟಿ" ಅಂದಳು. "ತುಂಬ ದೂರ. ಮೂರು ವಿಮಾನ ಹತ್ತಿ ಇಳೀಬೇಕು. ಎರಡು ದಿನ."